ಕಲೆ ಕಾಣುವ ಗಾಜು

ಬೆಳಗಿನ ಚಹಾದ ಲೋಟಗಳನ್ನು ತೊಳೆದು ಬೋರಲು ಹಾಕಿದ ಮೇಲೆ ಗಾಜಕ್ಕ ಕೆಮ್ಮಿನ ಔಷಧಿಯ ಖಾಲಿ ಬಾಟಲಿಯೊಂದನ್ನು ನಲ್ಲಿಯ ಕೆಳಗೆ ಹಿಡಿದಳು. ಕುತ್ತಿಗೆಯವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡಿದಳು. ಏನೂ ಇಲ್ಲ. ಹಸುಗೂಸಿನ ಕಣ್ಣಿನಷ್ಟು ತಿಳಿ. ಈ ತಿಳಿಯನ್ನು ನಂಬಿ ಕೆಟ್ಟವರೆಷ್ಟು ಜನವೋ! ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೆರಡು ವರ್ಷ ಅಟೆಂಡರ್ ಆಗಿ ಗಾಜಿನ ಸಾಮಾನು ತೊಳೆದವಳು ಅವಳು. ಅಲ್ಲಿನ ಹುಡುಗರು ಇಟ್ಟ ಹೆಸರು ಗಾಜಕ್ಕ. ಅದು ಓಣಿಗೂ ಹಬ್ಬಿ, ನಿವೃತ್ತಿಯಾಗಿ ವರ್ಷವಾದರೂ ಬಿಡದೆ ಅಂಟಿಕೊಂಡಿತ್ತು. ಬೋರ್‌ವೆಲ್ಲಿನ ನೀರು ಕಣ್ಣಿಗೆ ಎಷ್ಟೇ ಸಾಧುವಾಗಿ ಕಂಡರೂ ಒಣಗಿದ ಮೇಲೆ ತನ್ನ ಬುದ್ಧಿ ತೋರಿಸುತ್ತದೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಒಮ್ಮೆ ನೀರಿನ ಗಡಸುತನ ಅಳೆಯುವ ಪ್ರಯೋಗಕ್ಕೆಂದು ಮನೆಯ ನೀರನ್ನೇ ಒಯ್ದು ಕೊಟ್ಟಿದ್ದಳು. ಕೆಂಪು ದ್ರಾವಣ ನೀಲಿಗೆ ತಿರುಗಬೇಕಿತ್ತು. ಹುಡುಗರು ಹನಿ ಹನಿ ಬಿಟ್ಟುಕೊಂಡು ಕಾದದ್ದೇ ಕಾದದ್ದು, ಅದು ತಿರುಗಲೊಲ್ಲದು. ‘ಗಾಜಕ್ಕ, ನಿಮ್ಮನೇಲಿ ನೀರು ಕುಡೀತೀರೋ, ಕಲ್ಲು ಕುಡೀತೀರೋ?’ ಎಂದು ಒಬ್ಬ ಎಲ್ಲರನ್ನೂ ನಗಿಸಿದ್ದ.

“ಅದ್ಯಾಕೆ ನೀರು? ಅಂಗಡೀಲಿ ಕುಡಿಯೋಕೆ ಕೊಡಲ್ವಾ?” ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ ಗಂಡ ಕೇಳಿದ.

“ಕುಡಿಯೋಕಲ್ಲ.”

“ಮತ್ತೆ?”

“ಗಾಜಿಗೆ ಕುಡಿಸೋಕೆ,” ಎಂದು ಬಾಟಲಿಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಅವನು ಮತ್ತೇನೂ ಕೇಳಲಿಲ್ಲ. ಕೇಳದೇ ಇರುವುದು ಅವನಿಗೆ ಸೂಜಿ ಹಿಡಿಯುವಷ್ಟೇ ರೂಢಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ನಲವತ್ತು ವರ್ಷದಿಂದ ಓಣಿಯ ಮೈಗಳನ್ನೆಲ್ಲ ಅಳೆದ ಟೈಲರ್ ಅವನು. ಯಾರ ಭುಜ ಇಳಿದಿದೆ, ಯಾರಿಗೆ ಗೂನು ಕಾಣಿಸಿಕೊಳ್ಳುತ್ತಿದೆ, ಯಾವ ಹುಡುಗಿ ದಿಢೀರನೆ ಸೊರಗಿದ್ದಾಳೆ ಎಲ್ಲವೂ ಅವನಿಗೆ ತಿಳಿಯುತ್ತದೆ. ಒಂದನ್ನೂ ಬಾಯಿಬಿಟ್ಟು ಆಡುವವನಲ್ಲ. ಬಟ್ಟೆಯಲ್ಲೇ ಸರಿಮಾಡಿ ಕೊಡುತ್ತಾನೆ. ಭುಜ ಇಳಿದವರಿಗೆ ಒಳಗೊಂದು ಪಟ್ಟಿ, ಸೊರಗಿದವರಿಗೆ ಸೊಂಟದಲ್ಲೊಂದು ನೆರಿಗೆ. ಅವರು ಕನ್ನಡಿಯಲ್ಲಿ ನೋಡಿಕೊಂಡು ತಾವು ಸರಿಯಾಗಿಯೇ ಇದ್ದೇವೆಂದು ಸಂತೋಷವಾಗಿ ಹೋಗುತ್ತಾರೆ.

ಬಚ್ಚಲುಮನೆಯನ್ನು ಒಡೆದು ಹದಿನೈದು ದಿನವಾಗಿತ್ತು. ನೆಲದಿಂದ ನೀರು ಇಂಗಿ ಕೆಳಗಿನ ಮನೆಯವರ ಚಾವಣಿಯಲ್ಲಿ ಭೂಪಟ ಮೂಡಿದ ಮೇಲೆ ಒಡೆಯದೆ ವಿಧಿಯಿರಲಿಲ್ಲ. ಹೊಸ ಕಲ್ಲು ಹಾಸಿದ ಮೇಸ್ತ್ರಿಯೇ ಹೇಳಿದ್ದು: “ಸ್ನಾನದ ಮೂಲೆಗೊಂದು ಗಾಜಿನ ಬಾಗಿಲು ಕೂರಿಸಿಬಿಡಿ ಅಕ್ಕಾ. ನೀರು ಅಲ್ಲೇ ಇರುತ್ತೆ, ಈ ಕಡೆ ನೆಲ ಒಣಗಿರುತ್ತೆ. ಯಜಮಾನ್ರು ಹೋದ ವರ್ಷ ಜಾರಿದ್ರಂತಲ್ಲ.” ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಟ್ಟು, ಯಾವ ಗಾಜು ಬೇಕೋ ನೀವೇ ಆರಿಸಿಕೊಳ್ಳಿ ಎಂದು ಹೋದ. ಅವತ್ತಿನಿಂದ ಮನೆಯಲ್ಲಿ ಮಂಜುಗಾಜಿನ ಜಪ. ಗಂಡ ಊಟದ ನಡುವೆ, ಯಾರೂ ಕೇಳದಿದ್ದರೂ, “ನಮ್ಮ ನೀರಿಗೆ ಮಂಜುಗಾಜೇ ಸರಿ” ಎಂದ. ಬೇರೆ ಊರಲ್ಲಿ ಹಲ್ಲಿನ ಡಾಕ್ಟರಾಗಿದ್ದ ಮಗಳು ನಿನ್ನೆ ಸಂಜೆ ಫೋನಿನಲ್ಲಿ ಅದನ್ನೇ ಹೇಳಿದಳು: “ಫ್ರಾಸ್ಟೆಡ್ ಹಾಕಿಸಮ್ಮ. ಕ್ಲಿಯರ್ ಆದ್ರೆ ಕಲೆ ಎದ್ದು ಕಾಣುತ್ತೆ.” ಆಮೇಲೆ ಅವಸರವಾಗಿ, “ನೀರಿನ ಕಲೆ ಅಮ್ಮಾ, ನಾನು ಹೇಳಿದ್ದು,” ಎಂದು ಸೇರಿಸಿದಳು.

ಆ ಸೇರಿಸಿದ ಮಾತೇ ಮುಳ್ಳು. ಸೇರಿಸದೆ ಇದ್ದಿದ್ದರೆ ಗಾಜಕ್ಕನೂ ನೀರಿನ ಕಲೆಯೆಂದೇ ತಿಳಿದುಕೊಂಡು ಮಲಗುತ್ತಿದ್ದಳು. ಈಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಆ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿದಳು. ಕಲೆ. ಗಾಜಿನ ಮೇಲಾದರೂ ಕಲೆ, ಮೈಯ ಮೇಲಾದರೂ ಕಲೆ. ಎಡಭುಜದಿಂದ ಹೊರಟು, ಎದೆಯ ಅರ್ಧವನ್ನು ಎಳೆದುಕೊಂಡು, ಪಕ್ಕೆಯ ಮೇಲೆ ಹಾಯ್ದು ಸೊಂಟದ ಕೆಳಗಿನವರೆಗೆ ಇಳಿದಿತ್ತು ಅವಳದು. ಹತ್ತೊಂಬತ್ತು ವರ್ಷದ ಹಿಂದೆ ಲ್ಯಾಬಿನ ಮೇಲುಹಲಗೆಯಿಂದ ಇಳಿಸುತ್ತಿದ್ದ ಆಸಿಡ್ಡಿನ ದೊಡ್ಡ ಸೀಸೆಯ ತಳ ಕಳಚಿ ಬಿದ್ದಿತ್ತು. ತಳದಲ್ಲಿ ಕೂದಲೆಳೆಯಂಥ ಬಿರುಕಿರುವುದನ್ನು ಹಿಂದಿನ ವಾರವೇ ಅವಳು ವಿಭಾಗದ ಮುಖ್ಯಸ್ಥರಿಗೆ ತೋರಿಸಿದ್ದಳು. ಅವರು ಕನ್ನಡಕ ಹಣೆಗೇರಿಸಿ ನೋಡಿ, “ಇದೊಂದು ಮುಗೀಲಿ, ಆಮೇಲೆ ಬಿಸಾಕೋಣ,” ಎಂದಿದ್ದರು. ಆಸ್ಪತ್ರೆಗೆ ಹಣ್ಣು ಹಿಡಿದುಕೊಂಡು ಬಂದವರೂ ಅವರೇ. ಹಣ್ಣಿನ ಚೀಲದ ಜೊತೆ ಒಂದು ಕಾಗದ. ಬಲಗೈಗೆ ಏನೂ ಆಗಿರಲಿಲ್ಲವಾದ್ದರಿಂದ ಸಹಿ ಹಾಕಲು ತೊಂದರೆಯಾಗಲಿಲ್ಲ. ‘ಸಿಬ್ಬಂದಿಯ ಅಜಾಗರೂಕತೆಯಿಂದ’ ಎಂಬಷ್ಟನ್ನು ಓದಿದಳು, ಮುಂದಿನದನ್ನು ಓದಲಿಲ್ಲ. ಬಿರುಕಿನ ಮಾತು ಅಲ್ಲೆಲ್ಲೂ ಇದ್ದಿರಲಾರದು. ಸಹಿ ಹಾಕಿದ್ದಕ್ಕಿಂತ ಅವಳನ್ನು ಹೆಚ್ಚು ನಾಚಿಸುವುದು ಬೇರೆಯೇ ಒಂದು. ವರ್ಷ ಕಳೆದಂತೆ ಆ ಕಾಗದವನ್ನು ಅವಳೂ ನಂಬತೊಡಗಿದ್ದಳು. ತಾನೇ ಇನ್ನೊಂದು ಕೈಯನ್ನು ತಳಕ್ಕೆ ಕೊಡಬೇಕಿತ್ತೋ ಏನೋ, ಅವತ್ತು ತಾನೇ ಅವಸರದಲ್ಲಿದ್ದೆನೋ ಏನೋ. ನೋಡಲು ಬಂದವರೆಲ್ಲ ಬಾಯಿಪಾಠ ಮಾಡಿಕೊಂಡು ಬಂದವರ ಹಾಗೆ “ಮುಖ ಉಳೀತಲ್ಲ, ಪುಣ್ಯ” ಎನ್ನುತ್ತಿದ್ದರು. ಉಳಿದ ಮುಖಕ್ಕೆ ಋಣಿಯಾಗಿರುವುದೂ ಅವಳ ಕೆಲಸವಾಯಿತು. ಐದು ತಿಂಗಳ ಮೇಲೆ ಲ್ಯಾಬಿಗೆ ಮರಳಿದಾಗ ಉಪನ್ಯಾಸಕರು ಅವಳ ಮುಖವನ್ನು ಬಿಟ್ಟು ಒಂದು ಅಂಗುಲ ಕೆಳಗೆ ಕಣ್ಣು ಜಾರದಂತೆ ಎಷ್ಟು ಎಚ್ಚರದಿಂದ ಮಾತಾಡುತ್ತಿದ್ದರೆಂದರೆ, ತನ್ನ ತಲೆಯೊಂದೇ ಗಾಳಿಯಲ್ಲಿ ತೇಲುತ್ತಿದೆಯೇನೋ ಎಂದು ಅವಳಿಗೆ ಅನಿಸುತ್ತಿತ್ತು.

ಬಸ್ಸು ತಿರುವಿನಲ್ಲಿ ವಾಲಿತು. ಗಂಡನ ಭುಜ ಅವಳ ಎಡಭುಜಕ್ಕೆ ತಾಗಿ ತಕ್ಷಣ ಹಿಂದೆ ಸರಿಯಿತು. ಅವಳಿಗೆ ನೋವಾದೀತೆಂದು. ಹತ್ತೊಂಬತ್ತು ವರ್ಷದಿಂದ ಅಲ್ಲಿ ನೋವಿಲ್ಲ. ಅರ್ಧ ಜಾಗದಲ್ಲಿ ಸ್ಪರ್ಶವೇ ಇಲ್ಲ. ಇದನ್ನು ಅವನಿಗೆ ಹೇಳಿದ್ದಾಳೆಯೇ? ನೆನಪಾಗಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮಂಚದ ಮೇಲೆ ಆರು ಹೊಸ ಅಂಗಿಗಳು ಮಡಿಸಿಟ್ಟಿದ್ದವು. ಎಲ್ಲವೂ ಕೊರಳು ಮುಚ್ಚುವಂಥವು, ಮಣಿಕಟ್ಟಿನವರೆಗೆ ತೋಳು. ಒಂದೊಂದಕ್ಕೂ ಒಳಗೆ ಅಸ್ತರಿ ಬಟ್ಟೆ, ಉಜ್ಜದಂತೆ ಮೆತ್ತಗೆ. ಅವಳ ಮೈಗೆ ಅಳತೆಪಟ್ಟಿ ಮುಟ್ಟಿಸದೆಯೇ ಹೊಲಿದಿದ್ದ, ಆದರೂ ಹೇಳಿಮಾಡಿಸಿದಂತೆ ಕೂತವು. ಅವತ್ತು ಅವುಗಳ ಮೇಲೆ ಮುಖವಿಟ್ಟು ಅತ್ತಿದ್ದಳು, ಇಂಥ ಗಂಡ ಯಾರಿಗಿದ್ದಾನೆಂದು. ಅದೇ ದಿನ ಸ್ನಾನಕ್ಕೆ ಹೋದಾಗ ಬಚ್ಚಲಿನ ಕನ್ನಡಿ ಇರಲಿಲ್ಲ. ಗೋಡೆಯಲ್ಲಿ ನಾಲ್ಕು ಮೊಳೆಯ ತೂತು, ಅವಕ್ಕೂ ಸುಣ್ಣ ತುಂಬಿ ನುಣ್ಣಗೆ ಮಾಡಿದ್ದ. ಎಲ್ಲಿ ಹೋಯಿತೆಂದು ಅವಳು ಕೇಳಲಿಲ್ಲ, ಯಾಕೆ ತೆಗೆದೆನೆಂದು ಅವನು ಹೇಳಲಿಲ್ಲ. ಬೇಸಿಗೆ ಬಂದು, ಹೋಗಿ, ಮತ್ತೆ ಬಂದು, ಕೊರಳಿನ ಗುಂಡಿಯ ಕೆಳಗೆ ಬೆವರು ಹರಿಯುವಾಗಲೆಲ್ಲ ಆ ಕೃತಜ್ಞತೆ ಇಟ್ಟ ಹಾಲಿನಂತೆ ಮೆಲ್ಲಗೆ ಹುಳಿಯಾಗುತ್ತ ಬಂತು. ಛೀ, ಉಂಡ ಮನೆಯ ಗಳ ಎಣಿಸುವವಳಾದೆನೇ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಆರು ವರ್ಷದ ಮಗಳು ಒಮ್ಮೆ ಬಚ್ಚಲಿನ ಬಾಗಿಲು ದೂಡಿ ಒಳಗೆ ಬಂದು, ನೋಡಿ, ಕಿರುಚಿ, ಅಪ್ಪನ ಹತ್ತಿರ ಓಡಿಹೋಗಿದ್ದಳು. ಅಪ್ಪ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದ. ಮೇಲೊಂದು, ಕೆಳಗೊಂದು. ಅವಳು ಎರಡನ್ನೂ ಹಾಕಿಕೊಂಡು, ಗೋಡೆಗೆ ಮುಖಮಾಡಿ ನಿಂತು ಸ್ನಾನ ಮಾಡುವುದನ್ನು ಕಲಿತಳು. ಯಾರ ಮೇಲೆ ಸಿಟ್ಟು ಮಾಡುವುದು? ಎಲ್ಲರೂ ಒಳ್ಳೆಯವರೇ ಆಗಿಬಿಟ್ಟಿದ್ದರು.

ಗಾಜಿನ ಅಂಗಡಿ ಉದ್ದಕ್ಕಿತ್ತು. ಎರಡೂ ಬದಿಗೆ ಬಾಗಿಲುಗಳು, ಯಾವ ಮನೆಗೂ ಸೇರದ ಬಾಗಿಲುಗಳು, ಒಂದರ ಹಿಂದೊಂದು ನಿಂತಿದ್ದವು. ಸೇಲ್ಸ್‌ಮನ್ ನಲವತ್ತರ ಆಸುಪಾಸಿನವನು, ಬೂದು ಕೋಟು, ಅಂಗೈಯಷ್ಟಗಲದ ನಗು. ಮೇಸ್ತ್ರಿಯ ಚೀಟಿಯನ್ನು ಗಾಜಕ್ಕನ ಕೈಯಿಂದಲೇ ತೆಗೆದುಕೊಂಡ, ಮಾತಾಡಿದ್ದು ಮಾತ್ರ ಟೈಲರನ ಜೊತೆ. ಎಂಟು ಮಿಲಿಮೀಟರು ದಪ್ಪ ಸರ್, ಒಡೆದರೂ ಚೂಪಾಗಿ ಚೂರಾಗಲ್ಲ ಸರ್, ಕಾಳಿನ ಹಾಗೆ ಉದುರುತ್ತೆ ಸರ್. ನೀರು ಎಂಥದು ಎಂದು ಕೇಳಿದ. ಬೋರಿನದು ಎಂದು ಟೈಲರ್ ಹೇಳಿದ್ದೇ ತಡ, ಕೈ ಎತ್ತಿ, ಇನ್ನು ಯೋಚನೆಯೇ ಬೇಡವೆಂಬಂತೆ ಇಬ್ಬರನ್ನೂ ಮಂಜುಗಾಜಿನ ಬಾಗಿಲ ಮುಂದೆ ಕರೆದೊಯ್ದು ನಿಲ್ಲಿಸಿದ. “ಗಡಸು ನೀರಿಗೆ ಇದೇ ಸರ್. ಕಲೆ ಬಿದ್ರೂ ಗೊತ್ತಾಗಲ್ಲ. ಪ್ರೈವೆಸಿನೂ ಇರುತ್ತೆ. ಮೇಡಂ ವಯಸ್ಸಿನವರಿಗೆಲ್ಲ ನಾವು ಇದನ್ನೇ ಕೊಡೋದು.”

ಗಾಜಕ್ಕ ಬಾಗಿಲಿನ ಹಿಂದಕ್ಕೆ ಹೋದಳು. ಅಲ್ಲಿಂದ ನೋಡಿದರೆ ಗಂಡ ಕಂದು ಮಬ್ಬು, ಸೇಲ್ಸ್‌ಮನ್ ಬೂದು ಮಬ್ಬು. ಅವರಿಗೂ ತಾನು ಹಾಗೇ ಕಾಣುತ್ತಿರಬೇಕು, ಬಣ್ಣವೊಂದಿದ್ದು ಆಕಾರವಿಲ್ಲದೆ. ಗಂಡನ ಮಬ್ಬು ನೆಮ್ಮದಿಯಿಂದ ತಲೆಯಾಡಿಸಿತು. ಅವಳು ಗಾಜಿಗೆ ಉಗುರು ತಾಗಿಸಿ ಎಳೆದಳು. ನವಿರಾದ ಒರಟು. ಲ್ಯಾಬಿನ ಸೀಸೆಗಳ ಬಿರಡೆ ಕೂರುವ ಕುತ್ತಿಗೆ ಹೀಗೇ ಇರುತ್ತಿತ್ತು, ಮತ್ತು ಉಪ್ಪು ಹೋಗಿ ಕೂರುತ್ತಿದ್ದದ್ದೂ ಅಲ್ಲೇ. ನುಣ್ಣನೆಯ ಗಾಜಿಗೆ ಕೂತದ್ದನ್ನು ಹುಳಿನೀರು ಹಾಕಿ ಎಬ್ಬಿಸಬಹುದು. ಒರಟು ಗಾಜು ಅದನ್ನು ನುಂಗಿಕೊಂಡುಬಿಡುತ್ತದೆ.

“ಇದನ್ನ ಈ ಥರ ಹೇಗೆ ಮಾಡ್ತಾರೆ?” ಬಾಗಿಲಿನ ಹಿಂದಿನಿಂದಲೇ ಕೇಳಿದಳು.

“ಆಸಿಡ್ ಫಿನಿಶ್ ಮೇಡಂ. ಪ್ರೀಮಿಯಂ.”

“ಅಂದ್ರೆ ಆಸಿಡ್ ಹಾಕಿ ಸುಟ್ಟಿರೋದು.”

“ಸುಟ್ಟಿರೋದು ಅಂತಲ್ಲ…” ಸೇಲ್ಸ್‌ಮನ್ ನಕ್ಕ. “ಗಾಜಿನ ಮೇಲ್ಮೈನ ಸ್ವಲ್ಪ ತಿನ್ನಿಸ್ತಾರೆ ಅಷ್ಟೆ.”

ಗಾಜಕ್ಕ ಹೊರಗೆ ಬಂದಳು. ಟೈಲರ್ ಬಾಗಿಲಿನ ಹಿಡಿಕೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ. ನಗಬೇಕೋ ಎತ್ತಿ ಕುಕ್ಕಬೇಕೋ ಅವಳಿಗೆ ತಿಳಿಯಲಿಲ್ಲ. ಸುಟ್ಟದ್ದನ್ನು ಮುಚ್ಚಲು ಸುಟ್ಟದ್ದನ್ನೇ ತಂದು ನಿಲ್ಲಿಸಿದ್ದಾರೆ, ಅದಕ್ಕೊಂದು ಪ್ರೀಮಿಯಂ ಎಂಬ ಹೆಸರು ಬೇರೆ. ಗಾಜನ್ನು ಸುಟ್ಟರೆ ಅಂಗಡಿಯ ಮುಂದಿನ ಸಾಲಿಗೆ ಬರುತ್ತದೆ, ಹೆಂಗಸನ್ನು ಸುಟ್ಟರೆ ಕೊರಳವರೆಗೆ ಗುಂಡಿ. ಚೀಲದಿಂದ ಬಾಟಲಿ ತೆಗೆದಳು. “ನಾಲ್ಕು ಥರದ ಗಾಜಿನ ಚೂರು ಕೊಡಿ. ಈ ಮಂಜಿನದು, ಗೆರೆಯದು, ಕೋಟಿಂಗ್ ಮಾಡಿದ್ದು, ಏನೂ ಇಲ್ಲದೆ ಬರೀ ತಿಳಿ ಇರೋದು. ನಮ್ಮನೆ ನೀರು ಹಾಕಿ ನೋಡ್ತೀನಿ.”

ಸೇಲ್ಸ್‌ಮನ್ ಟೈಲರನ ಮುಖ ನೋಡಿದ. ಟೈಲರ್ ಕಿವಿಯ ಹಿಂದೆ ಕೆರೆದುಕೊಂಡ. “ಇದೆಲ್ಲ ಬೇಕಾ ಈಗ? ಅವ್ರಿಗೆ ಗೊತ್ತಿರಲ್ವಾ?”

“ಅವ್ರಿಗೆ ಗಾಜು ಗೊತ್ತು. ನನಗೆ ನೀರೂ ಗೊತ್ತು,” ಎಂದಳು ಗಾಜಕ್ಕ.

ಚೂರುಗಳು ಬಂದವು, ಪ್ರತಿಯೊಂದೂ ಅಂಗೈಯಗಲ. ಕಿಟಕಿಯ ಬಿಸಿಲು ಬೀಳುವ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಮುಚ್ಚಳದಿಂದ ಒಂದೊಂದಕ್ಕೂ ಐದೈದು ಹನಿ ಬಿಟ್ಟಳು. ಹನಿಗಳು ಎಣಿಸಿದಂತೆ ಬಿದ್ದವು. ಕೋಟಿಂಗಿನ ಗಾಜಿನ ಮೇಲೆ ನೀರು ಪಾದರಸದಂತೆ ಗುಂಡಗೆ ಉರುಳಿ ಅಂಚಿಗೆ ಓಡಿತು. “ನೋಡಿ ಮೇಡಂ, ನಿಲ್ಲೋದೇ ಇಲ್ಲ. ಲೈಫ್‌ಟೈಮ್ ಗ್ಯಾರಂಟಿ,” ಎಂದ ಸೇಲ್ಸ್‌ಮನ್. “ಯಾರ ಲೈಫು?” ಎಂದು ಅವಳು ಕೇಳಿದ್ದಕ್ಕೆ ಅವನು ಗ್ಯಾರಂಟಿಯ ಕಾಗದವನ್ನೇ ತಿರುಗಿಸಿ ಓದಿ, “ಐದು ವರ್ಷ” ಎಂದ. ಆಮೇಲೆ ಒಣಗುವವರೆಗೆ ಕಾಯುವುದು. ಟೈಲರ್ ಕುರ್ಚಿಯ ತುದಿಯಲ್ಲಿ ಕುಳಿತ, ಪರಿಚಯದವರು ಯಾರೂ ಒಳಗೆ ಬರದಿರಲಿ ಎಂದು ಹಾರೈಸುವವನ ಹಾಗೆ. ಅಂಗಡಿಯವರು ನಕ್ಕರೆ ನಗಲಿ. ಲ್ಯಾಬಿನಲ್ಲಿ ಅವಳು ಕಲಿತದ್ದರಲ್ಲಿ ಅತ್ಯಂತ ದೊಡ್ಡದು ಇದೇ, ಕಾಯುವುದು, ಇನ್ನೊಬ್ಬರ ಅವಸರಕ್ಕೆ ಬಗ್ಗದೆ.

ಅಷ್ಟರಲ್ಲಿ ಒಂದು ಹೊಸ ಜೋಡಿ ಬಂತು. ಹುಡುಗಿ ತೆಳ್ಳಗೆ, ತೋಳಿಲ್ಲದ ಅಂಗಿ. ಭುಜಗಳು ಯಾರ ಗಮನವೂ ಬೇಡವೆಂಬಂತೆ ತಮ್ಮಷ್ಟಕ್ಕೆ ಹೊಳೆಯುತ್ತಿದ್ದವು. ಗಾಜಕ್ಕ ಅವನ್ನೇ ನೋಡುತ್ತಿದ್ದಳು. ಅದು ಅಸೂಯೆಯಾಗಿರಲಿಲ್ಲ, ಅಥವಾ ಅಸೂಯೆಯೇ, ಯಾಕಿರಬಾರದು? ಹುಡುಗಿ ತಿಳಿಗಾಜಿನ ಮುಂದೆ ನಿಂತು ಇದು ಚೆಂದ ಎಂದಳು. ಸೇಲ್ಸ್‌ಮನ್ ಒಂದು ಕ್ಷಣವೂ ತಡೆಯದೆ, “ಸೂಪರ್ ಚಾಯ್ಸ್ ಮೇಡಂ. ನಿಮ್ಮಂಥೋರಿಗೆ ಕ್ಲಿಯರ್ರೇ. ಜೊತೆಗೆ ಒರೆಸೋಕೆ ಒಂದು ವೈಪರ್ ಕೊಟ್ಟುಬಿಡ್ತೀನಿ,” ಎಂದ.

“ಅವರ ಮನೇದು ಯಾವ ನೀರು?”

ಅಂಗಡಿಯ ಆ ತುದಿಯಿಂದ ಬಂದ ಪ್ರಶ್ನೆ. ತನ್ನ ದನಿ ಇಷ್ಟು ದೂರ ಹೋಗಬಲ್ಲದೆಂದು ಗಾಜಕ್ಕನಿಗೇ ತಿಳಿದಿರಲಿಲ್ಲ. ಹುಡುಗಿ ತಿರುಗಿ ನಕ್ಕು, “ಬೋರ್ ನೀರು ಆಂಟಿ. ಬಕೆಟ್ಟೆಲ್ಲ ಬೆಳ್ಳಗಾಗುತ್ತೆ,” ಎಂದಳು. ಸೇಲ್ಸ್‌ಮನ್‌ನ ನಗು ಅಂಗೈಯಿಂದ ಹೆಬ್ಬೆರಳಿನಷ್ಟಕ್ಕೆ ಇಳಿಯಿತು. ಅವನೇನು ಕೆಟ್ಟವನಲ್ಲ. ಗಾಜಕ್ಕನ ಮೈಯ ಮೇಲೇನಿದೆಯೆಂದು ಅವನಿಗೇನು ಗೊತ್ತು? ಐವತ್ತೊಂಬತ್ತು ವರ್ಷದ ಮೈಯನ್ನು ಯಾರೂ ನೋಡಬೇಕಿಲ್ಲವೆಂಬುದಷ್ಟೇ ಅವನ ಲೆಕ್ಕ. ಆ ಲೆಕ್ಕದಲ್ಲಿ ಕಲೆಯಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇದು ಅವಳಿಗೆ ಹೊಸದು. ಇಷ್ಟು ವರ್ಷ ಅವಮಾನ ತನಗೊಬ್ಬಳಿಗೇ ಮೀಸಲೆಂದುಕೊಂಡಿದ್ದಳು. ನೋಡಿದರೆ ಅದು ಸಗಟು ವ್ಯಾಪಾರ.

ಮುಕ್ಕಾಲು ಗಂಟೆಯಲ್ಲಿ ಹನಿಗಳು ಆರಿದವು. ಸೇಲ್ಸ್‌ಮನ್ ಬಂದ, ಟೈಲರ್ ಎದ್ದು ಬಂದ, ಹುಡುಗಿಯೂ ಕುತೂಹಲಕ್ಕೆ ಬಂದು ಬಗ್ಗಿದಳು. ತಿಳಿಗಾಜಿನ ಮೇಲೆ ಐದು ಬಿಳಿಯ ಉಂಗುರಗಳು, ಸುಣ್ಣದ ಕಡ್ಡಿಯಲ್ಲಿ ಬರೆದಂತೆ ಸ್ಪಷ್ಟ. ಗೆರೆಗಾಜಿನಲ್ಲಿ ಅರೆಬರೆ. ಕೋಟಿಂಗಿನದರಲ್ಲಿ ಅಂಚಿಗೆ ಓಡಿಹೋದ ಹನಿಗಳೆಲ್ಲ ಸೇರಿ ಒಂದು ಗಂಟು. ಮಂಜುಗಾಜಿನಲ್ಲಿ ಏನೂ ಇಲ್ಲ. ಓರೆಮಾಡಿದರೂ ಇಲ್ಲ, ಬೆಳಕಿಗೆ ಹಿಡಿದರೂ ಇಲ್ಲ.

“ನೋಡಿದ್ರಾ ಮೇಡಂ, ನಿಮ್ಮ ನೀರೇ ಹೇಳ್ತಾ ಇದೆ,” ಎಂದ ಸೇಲ್ಸ್‌ಮನ್, ಕಳೆದುಕೊಂಡ ನಗುವನ್ನು ಬಡ್ಡಿಸಮೇತ ವಾಪಸ್ಸು ಪಡೆದು.

ಟೈಲರ್ ಮೆತ್ತಗೆ, ಅವಳೊಬ್ಬಳಿಗೇ ಕೇಳುವಷ್ಟು, “ಸಾಕಲ್ಲ ಈಗ? ನಾನು ಹೇಳಿದ್ದು ಇದನ್ನೇ. ಅದ್ರಲ್ಲಿ ಕಲೆ ಎದ್ದು ಕಾಣುತ್ತೆ ಕಣೇ,” ಎಂದ.

ಸೋತಿದ್ದಳು, ತನ್ನದೇ ನೀರಿನಿಂದ, ತನ್ನದೇ ಪ್ರಯೋಗದಲ್ಲಿ. ಮಂಜುಗಾಜಿನ ಚೂರನ್ನು ಎತ್ತಿ ಹೆಬ್ಬೆರಳಿನ ಉಗುರಿನಿಂದ ಕೆರೆದಳು. ಉಗುರಿನ ಸಂದಿಗೆ ಬಿಳಿಯ ಹಿಟ್ಟು ಬಂತು. ಅದನ್ನು ಗಂಡನ ಮೂಗಿನ ಕೆಳಗೆ ಹಿಡಿದಳು. “ಇದ್ರಲ್ಲೂ ಇದೆ. ಕಾಣಲ್ಲ ಅಷ್ಟೆ.” ಒರಟು ಗಾಜು ಉಪ್ಪನ್ನು ಹೇಗೆ ನುಂಗುತ್ತದೆ, ಆರು ತಿಂಗಳಲ್ಲಿ ಹೇಗೆ ಹಳದಿಗಟ್ಟುತ್ತದೆ ಎಂದೆಲ್ಲ ಹೇಳಲು ಬಾಯಿ ತೆರೆದಳು. ಹೇಳಿದರೆ ಗೆಲ್ಲುತ್ತಿದ್ದಳು. ಲ್ಯಾಬಿನ ಮಾತಿಗೆ ಇವರಲ್ಲಿ ಯಾರೂ ಎದುರು ಹೇಳುವವರಲ್ಲ. ಆದರೆ ಅದೂ ನೀರಿನ ಹಿಂದೆ ಅಡಗುವುದೇ ಅಲ್ಲವೇ? ಅವರು ಒಂದು ಕಡೆಯಿಂದ ಅಡಗಿದ್ದಾರೆ, ತಾನು ಇನ್ನೊಂದು ಕಡೆಯಿಂದ. ಬಾಯಿ ಮುಚ್ಚಿ, ಮತ್ತೆ ತೆರೆದು, “ಕಂಡ್ರೆ ಕಾಣ್ಲಿ. ನನಗೆ ತಿಳಿಗಾಜೇ ಬೇಕು,” ಎಂದಳು.

“ಮೇಡಂ, ಆಮೇಲೆ ನಮ್ಮನ್ನ ಬೈಬಾರ್ದು…”

“ನಿಮ್ಮನ್ನ ಯಾಕೆ ಬೈಲಿ? ಬೈಯಬೇಕಾದೋರ ಪಟ್ಟಿ ಉದ್ದ ಇದೆ. ನಿಮ್ಮ ಸರದಿ ಬರೋಷ್ಟರಲ್ಲಿ ನಾನೇ ಇರಲ್ಲ.”

ಹುಡುಗಿ ಕಿಸಕ್ಕನೆ ನಕ್ಕಳು. ಸೇಲ್ಸ್‌ಮನ್ ಆರ್ಡರಿನ ಹಾಳೆ ತಂದ. ಅಳತೆ, ದಪ್ಪ, ಹಿಡಿಕೆ ಎಲ್ಲ ತುಂಬಿ, ಕೊನೆಯಲ್ಲಿ ‘ಗಡಸು ನೀರಿಗೆ ಈ ಗಾಜು ಬೇಡವೆಂದು ಗ್ರಾಹಕರಿಗೆ ತಿಳಿಸಲಾಗಿದೆ’ ಎಂದು ಬರೆದು, ಅದರ ಕೆಳಗೆ ಗೆರೆ ಎಳೆದು, ಹಾಳೆಯನ್ನು ಟೈಲರನ ಕಡೆಗೆ ತಿರುಗಿಸಿದ. ಗಾಜಕ್ಕ ಕೈಚಾಚಿ ಅದನ್ನು ತನ್ನ ಕಡೆಗೆ ಎಳೆದುಕೊಂಡಳು. ಕನ್ನಡಕ ಹಾಕಿಕೊಂಡು ಮೇಲಿನ ಸಾಲಿನಿಂದ ಓದತೊಡಗಿದಳು. ಅಂಗಡಿಯ ಹೆಸರು, ವಿಳಾಸ, ನಿಯಮಗಳು, ಇರುವೆಯಂಥ ಅಕ್ಷರದ ಅಡಿಟಿಪ್ಪಣಿ. ಒಂದಕ್ಷರ ಬಿಡಲಿಲ್ಲ. ಟೈಲರ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಓದಿ ಮುಗಿಸಿ, ಸೇಲ್ಸ್‌ಮನ್ ಬರೆದದ್ದರ ಕೆಳಗೆ ‘ತಿಳಿದೇ ಆರಿಸಿದ್ದೇನೆ’ ಎಂದು ದುಂಡಗೆ ಬರೆದಳು. ಸಹಿ ಹಾಕುವಾಗ ಹಣ್ಣಿನ ವಾಸನೆ ಬಂದಂತಾಯಿತು, ಆಸ್ಪತ್ರೆಯ ಹಾಸಿಗೆಯ ಪಕ್ಕ ಕೊಳೆಯುತ್ತಿದ್ದ ಹಣ್ಣು. ಪೆನ್ನನ್ನು ಒತ್ತಿ ಹಿಡಿದಳು. ಕೊನೆಯ ಅಕ್ಷರದಲ್ಲಿ ಕಾಗದ ಹರಿಯಿತು.

ಮರಳುವ ಬಸ್ಸಿನಲ್ಲಿ ಜನ ಕಡಿಮೆ. ಟೈಲರ್ ಎದುರಿನ ಸೀಟಿನ ಹಿಂಬದಿಯಲ್ಲಿ ಬಿಚ್ಚಿಕೊಂಡಿದ್ದ ಹೊಲಿಗೆಯನ್ನು ನೋಡುತ್ತ ಕುಳಿತಿದ್ದ. ಮೂರು ನಿಲ್ದಾಣ ಹೋದವು. ನಾಲ್ಕನೆಯದು ಹೋಗುವಾಗ ಗಾಜಕ್ಕ, ರಸ್ತೆಯನ್ನೇ ನೋಡುತ್ತ, “ಕನ್ನಡಿ ಯಾಕೆ ತೆಗೆದ್ರಿ?” ಎಂದಳು.

ಯಾವ ಕನ್ನಡಿಯೆಂದು ಅವನು ಕೇಳಲಿಲ್ಲ. ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು. “ನೀನು ನೋಡ್ಕೊಂಡು ಅಳ್ತೀಯ ಅಂತ,” ಎಂದ.

“ನಾನು ಅಳ್ತೀನಿ ಅಂತಾನಾ, ನಾನು ಅಳೋದನ್ನ ನೀವು ನೋಡ್ಬೇಕಾಗುತ್ತೆ ಅಂತಾನಾ?”

ಬಸ್ಸು ನಿಂತಿತು, ಯಾರೋ ಹತ್ತಿದರು, ಹೊರಟಿತು. ಅವನು ಅಂಗಿಯ ತುದಿಯ ದಾರವೊಂದನ್ನು ಹಿಡಿದು ಬೆರಳಿಗೆ ಸುತ್ತುತ್ತಿದ್ದ. “ನೀನು ಒಂದಿನಾನೂ ಕೇಳ್ಲಿಲ್ಲ. ಅಂಗಿನೂ ಬೇಡ ಅನ್ಲಿಲ್ಲ, ಚಿಲಕಾನೂ ಬೇಡ ಅನ್ಲಿಲ್ಲ. ನಿನಗೂ ಹಾಗೇ ಬೇಕು ಅಂದ್ಕೊಂಡೆ ನಾನು.”

ಅದು ನಿಜವಾಗಿತ್ತು, ನಿಜವಾದದ್ದರಿಂದಲೇ ಅವಳ ಕೆನ್ನೆ ಬಿಸಿಯಾಯಿತು. ಎರಡು ಚಿಲಕಗಳನ್ನು ಹಾಕಿಕೊಂಡದ್ದು ಅವಳದೇ ಕೈ. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಮಗಳು ಒಮ್ಮೆ, “ಅಮ್ಮಾ, ಅವತ್ತು ನಾನು ಕಿರುಚಿದ್ದು ನಿನಗೆ ನೆನಪಿದೆಯಾ?” ಎಂದು ಕೇಳಿದ್ದಾಗ, “ಯಾವತ್ತು?” ಎಂದು ಸುಳ್ಳು ಹೇಳಿದ್ದೂ ಅವಳದೇ ಬಾಯಿ. ಪಾಪ, ಮಗು ಏನೋ ಹೇಳಿಕೊಂಡು ಹಗುರಾಗಲು ಬಂದಿತ್ತು; ಬಾಗಿಲು ಹಾಕಿ ಕಳಿಸಿದ್ದಳು. ಎಲ್ಲರೂ ಸೇರಿ ಮುಚ್ಚಿದರು, ಅವಳು ಗುಂಡಿ ಹಾಕಿಕೊಂಡಳು. ಆದರೂ, ಎಂದು ಮನಸ್ಸಿನೊಳಗೆ ಏನೋ ಕಾಲೂರಿ ನಿಂತಿತು. ಆದರೂ ಸುಟ್ಟದ್ದು ತನ್ನ ಮೈ. ತಪ್ಪು ಹಂಚಿಕೊಳ್ಳುವಾಗ ಎಲ್ಲರಿಗೂ ಸಮಪಾಲು ಎಂದು ಯಾವ ನ್ಯಾಯ?

“ಬೇಕು ಅಂದ್ಕೊಂಡಿದ್ದೆ,” ಎಂದಳು. “ಈಗ ಬೇಡ. ಅವತ್ತು ಹಾಕ್ಕೊಂಡೆ ಅಂತ ಸಾಯೋವರೆಗೂ ಹಾಕ್ಕೋಬೇಕು ಅಂತೇನಾದ್ರೂ ಇದೆಯಾ?”

“ಇಲ್ಲಪ್ಪ,” ಎಂದ ಅವನು, ಗಿರಾಕಿಗೆ ಹೇಳುವ ಹಾಗೆ. ಆಮೇಲೆ, ಗಿರಾಕಿಗೆ ಹೇಳದ ದನಿಯಲ್ಲಿ, “ನನಗೆ ಹೆದರಿಕೆ ಕಣೇ,” ಎಂದ.

“ಹೆದರ್ಕೊಳ್ಳಿ. ನಾನು ಹತ್ತೊಂಬತ್ತು ವರ್ಷ ಹೆದರ್ಕೊಂಡಿಲ್ವಾ? ಏನೂ ಆಗಲ್ಲ.”

ಸಂಜೆ ಮಗಳಿಗೆ ತಾನೇ ಫೋನು ಮಾಡಿದಳು. ಕ್ಲಿಯರ್ ಗಾಜಿಗೇ ಹೇಳಿ ಬಂದೆ ಎಂದಳು. ಆ ಕಡೆ, “ಅಯ್ಯೋ ಅಮ್ಮಾ, ದಿನಾ ಯಾರು ಒರೆಸ್ತಾರೆ ಅದನ್ನ?” ಎಂದು ಶುರುವಾದದ್ದು ಅರ್ಧಕ್ಕೆ ನಿಂತಿತು. “ಕಿರುಚಿದ್ದು ನೆನಪಿದೆ ನನಗೆ,” ಎಂದಳು ಗಾಜಕ್ಕ. “ಆರು ವರ್ಷದೋಳು ಕಿರುಚದೆ ಇನ್ನೇನು ಮಾಡ್ತಾಳೆ? ಸುಳ್ಳು ಹೇಳಿದ್ದು ನಾನು.” ಫೋನಿನಲ್ಲಿ ಮೂಗೆಳೆದುಕೊಂಡ ಸದ್ದು. ಇಬ್ಬರೂ ಫೋನನ್ನು ಇಡಲಿಲ್ಲ.

ಹನ್ನೆರಡನೆಯ ದಿನ ಬಾಗಿಲು ಬಂತು. ಇಬ್ಬರು ಕೆಲಸಗಾರರು ಅದನ್ನು ಮಲಗಿದ ರೋಗಿಯಂತೆ ಹೊತ್ತು ಮೆಟ್ಟಿಲು ಹತ್ತಿಸಿ, ಕೀಲು ಕೂರಿಸಿ, ಸಂದಿಗೆ ಅಂಟು ಹಚ್ಚಿ, ಒಂದು ದಿನ ನೀರು ಸೋಕಿಸಬೇಡಿ ಎಂದು ಹೋದರು. ಮಾರನೆಯ ದಿನ ಹನ್ನೊಂದು ಗಂಟೆಗೆ, ಬಚ್ಚಲಿನ ಎತ್ತರದ ಕಿಟಕಿಯಿಂದ ಬಿಸಿಲು ನೇರವಾಗಿ ನೆಲಕ್ಕೆ ಬೀಳುವ ಹೊತ್ತಿಗೆ, ಗಾಜಕ್ಕ ಸ್ನಾನಕ್ಕೆ ಹೋದಳು. ಚಿಲಕ ಹಾಕಲಿಲ್ಲ. ಕದ ಒಂದು ಗೇಣು ತೆರೆದೇ ಇತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು, ಓಡುತ್ತಿತ್ತು. ಕೊರಳಿನಿಂದ ಕೆಳಗಿನವರೆಗೆ ಒಂದೊಂದೇ ಗುಂಡಿ ಬಿಚ್ಚಿದಳು. ಗಾಜಿನ ಬಾಗಿಲು ಎಳೆದುಕೊಂಡು, ಎರಡೂ ನಲ್ಲಿ ತಿರುಗಿಸಿದಳು. ಬಿಸಿನೀರು ಬಿದ್ದದ್ದೇ ಗಾಜಿಗೆ ಆವಿ ಹತ್ತಿ ಕೆಳಗಿನಿಂದ ಮಬ್ಬು ಏರತೊಡಗಿತು. ಓಹೋ, ನೀನೂ ಶುರುಮಾಡಿದೆಯಾ ಎಂದು ಅವಳು ಬಿಸಿನೀರಿನ ನಲ್ಲಿಯನ್ನು ಪೂರ್ತಿ ಮುಚ್ಚಿದಳು. ತಣ್ಣೀರು ಬೆನ್ನಿಗೆ ಚಾಟಿಯಂತೆ ಹೊಡೆಯಿತು, ಹಲ್ಲು ಕಡಿದುಕೊಂಡು ನಿಂತಳು. ಎಡಗಡೆ ಅರ್ಧ ಜಾಗಕ್ಕೆ ಅದು ತಿಳಿಯಲೇ ಇಲ್ಲ, ಉಳಿದರ್ಧಕ್ಕೆ ಚೆನ್ನಾಗಿ ತಿಳಿಯಿತು. ಮಬ್ಬು ಇಳಿದುಹೋಯಿತು.

“ಏನ್ರೀ,” ಎಂದು ಕೂಗಿದಳು. “ಟವೆಲ್ ತನ್ನಿ.”

ಯಂತ್ರ ನಿಂತಿತು. ಹೆಜ್ಜೆಗಳು ಬಂದು ಕದದ ಹೊರಗೆ ನಿಂತವು. “ಹಿಡಿಕೆಗೆ ಹಾಕಿದೀನಿ.”

“ಒಳಗೆ ತನ್ನಿ.”

ಅವಳು ಇನ್ನೊಮ್ಮೆ ಕರೆಯಲಿಲ್ಲ. ಬರುವುದಾದರೆ ಬರಲಿ, ಬಾರದಿದ್ದರೂ ಈ ಬಾಗಿಲು ಇಲ್ಲೇ ಇರುತ್ತದೆ, ನಾಳೆಯೂ, ನಾಡಿದ್ದೂ. ಕದ ಕಿರ್ರೆಂದಿತು. ಅವನು ಟವೆಲನ್ನು ಎದೆಗೆ ಹಿಡಿದುಕೊಂಡು ಒಳಗೆ ಬಂದ. ಕಣ್ಣು ತನ್ನ ಪಾದದ ಮೇಲೆ. “ನೆಲ ಒಣಗಿದೆ,” ಎಂದ. “ಮೇಸ್ತ್ರಿ ಹೇಳಿದ ಹಾಗೇ.” ಗೋಡೆಯ ಕಡೆಗೆ ತಿರುಗು ಎಂದು ಮೈಯ ಒಂದೊಂದು ಎಲುಬೂ ಹೇಳುತ್ತಿತ್ತು. ಅವಳು ಎರಡೂ ಪಾದಗಳನ್ನು ಒದ್ದೆ ಕಲ್ಲಿಗೆ ಒತ್ತಿ, ಅವನ ಕಡೆಗೇ ತಿರುಗಿ, ಎಡಗೈಯನ್ನು ತಲೆಯ ಮೇಲೆತ್ತಿ ನಿಂತಳು.

ಅವನು ತಲೆಯೆತ್ತಿದ. ಮೊದಲು ಮುಖ, ಎಲ್ಲರ ಹಾಗೆ. ಆಮೇಲೆ ಕಣ್ಣು ಭುಜಕ್ಕೆ ಬಂತು, ಅಲ್ಲಿಂದ ಕೆಳಗೆ, ನಿಧಾನವಾಗಿ, ನಡುನಡುವೆ ನಿಂತು, ಪಕ್ಕೆ ದಾಟಿ, ಸೊಂಟ ದಾಟಿ ಹೋಯಿತು. ಗಾಜಿನ ಮೇಲೆ ಹನಿಗಳು ಇಳಿಯುತ್ತಿದ್ದವು.

“ಇಷ್ಟು ಕೆಳಗಿನ ತನಕ ಇತ್ತಾ?” ಎಂದ.

“ಇತ್ತಲ್ಲ. ಇದೆ.”

ಅವನು ತಲೆಯಾಡಿಸಿದ. ಟವೆಲನ್ನು ಮೊಳೆಗೆ ತಗುಲಿಸಲು ಹೋಗಿ, ತಗುಲಿಸದೆ, ಮತ್ತೆ ಎದೆಗೆ ಹಿಡಿದುಕೊಂಡ. ಹೊರಡಲೋ ಬೇಡವೋ ಎಂದು ಒಂದು ಕಾಲು ಕದದ ಕಡೆಗೆ ತಿರುಗಿತ್ತು.

“ನಿಂತ್ಕೊಳ್ಳಿ ಅಲ್ಲೇ,” ಎಂದಳು ಗಾಜಕ್ಕ. “ನಾನಿನ್ನೂ ತಲೆಗೆ ಸೋಪು ಹಾಕ್ಬೇಕು.”

ಅವನು ನಿಂತ.